ಪದ ಪರಿಚಯ: ಪ್ರೊಡಕ್ಷನ್ ಬ್ಲಾಕಿಂಗ್ ಅಥವಾ ಸರದಿ ತಡೆ

ಗುಂಪಿನಲ್ಲಿ ಒಬ್ಬರು ಮಾತಾಡುತ್ತಿದ್ದರೆ ಉಳಿದವರು ಸುಮ್ಮನೆ ಕೂತು ತಮ್ಮ ಸರದಿ ಕಾಯಬೇಕು. ಹಾಗೆ ಕಾಯುವಾಗ ತಲೆಗೆ ಬಂದದ್ದು ಕೆಲವೊಮ್ಮೆ ಮರೆತುಹೋಗುತ್ತದೆ. ಕೆಲವೊಮ್ಮೆ ‘ಇದನ್ನೇನು ಹೇಳೋದು’ ಅನಿಸಿ ಗಂಟಲಲ್ಲೇ ಉಳಿಯುತ್ತದೆ. ಎಷ್ಟೋ ಸಲ ಹೊಸದು ಹೊಳೆಯುವುದೇ ನಿಂತುಬಿಡುತ್ತದೆ. ಈ ನಷ್ಟಕ್ಕೆ ಮನಶ್ಶಾಸ್ತ್ರದವರು ಇಟ್ಟ ಹೆಸರು ಪ್ರೊಡಕ್ಷನ್ ಬ್ಲಾಕಿಂಗ್.

ಪದಕ್ಕೆ ಪದ ಇಟ್ಟರೆ ‘ಹುಟ್ಟುವಳಿಗೆ ತಡೆ’ ಎಂದಾಗುತ್ತದೆ. ಆದರೆ ಹುಟ್ಟುವಳಿ ಅಂದ ಕೂಡಲೇ ನಮ್ಮ ಶಿರಸಿ ಕಡೆಯವರಿಗೆ ಅಡಿಕೆ ಫಸಲು ನೆನಪಾಗುತ್ತದೆ. ಹಾಗಾಗಿ ನಾನು ‘ಸರದಿ ತಡೆ’ ಅನ್ನುತ್ತೇನೆ. ತಡೆ ಎಲ್ಲಿಂದ ಬರುತ್ತದೆ ಎಂಬುದು ಹೆಸರಿನಲ್ಲೇ ಇದ್ದರೆ ಒಳ್ಳೆಯದಲ್ವಾ?

ಈ ಪದ ನನಗೆ ಬೇಕಾಗಿದ್ದು ತರಗತಿಯಲ್ಲಿ. ಶಿರಸಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಎಂಟನೇ ತರಗತಿಯ ಮಕ್ಕಳನ್ನು ಐದೈದು ಜನರ ಗುಂಪು ಮಾಡಿ ಒಂದು ಪ್ರಶ್ನೆ ಕೊಟ್ಟಿದ್ದೆ: ಅಡಿಕೆ ಹಾಳೆ ಏನೇನಕ್ಕೆಲ್ಲ ಬರುತ್ತದೆ? ಊಟದ ತಟ್ಟೆ, ಹಾಳೆ ಟೊಪ್ಪಿ, ಬೀಸಣಿಗೆ, ತಮ್ಮನನ್ನು ಕೂರಿಸಿ ಅಂಗಳದಲ್ಲಿ ಎಳೆಯುವ ಬಂಡಿ. ಇಷ್ಟು ಪಟಪಟ ಬಂತು. ಆಮೇಲೆ ನಿಂತಿತು. ಪ್ರತಿ ಗುಂಪಿನಲ್ಲೂ ಮಾತಾಡಿದ್ದು ಒಂದಿಬ್ಬರೇ. ಕಿಟಕಿ ಪಕ್ಕದ ಹುಡುಗಿಯೊಬ್ಬಳು ಬಾಯಿ ಬಿಟ್ಟಿರಲೇ ಇಲ್ಲ.

‘ನಿಂಗೇನೂ ಹೊಳೀಲಿಲ್ವಾ ತಂಗಿ?’ ಅಂದೆ.

‘ಹೊಳೆದಿತ್ತು ಅಕ್ಕೋರೇ. ಅವ ಹೇಳಿ ಮುಗಿಸೋದ್ರೊಳಗೆ ಮರ್ತು ಹೋಯ್ತು.’

ಇಂಥ ಮಕ್ಕಳ ಬಗ್ಗೆ ‘ಚರ್ಚೆಯಲ್ಲಿ ಭಾಗವಹಿಸುವುದಿಲ್ಲ’ ಎಂದು ನಾನು ಎಷ್ಟೋ ವರ್ಷ ಬರೆದಿದ್ದೇನೆ. ಆ ಮಾತು ತಪ್ಪು ಎಂದು ನನಗೆ ಈಗ ಗೊತ್ತು. ಅದು ತಪ್ಪೆಂದು ತೋರಿಸುವ ಸಂಶೋಧನೆ ಅರವತ್ತು ವರ್ಷಕ್ಕಿಂತ ಹಳೆಯದು.

ಕಥೆ ಶುರುವಾಗುವುದು ಅಲೆಕ್ಸ್ ಆಸ್ಬಾರ್ನ್ ಎಂಬವರಿಂದ. ಬಿಬಿಡಿಒ ಎಂಬ ಅಮೆರಿಕದ ಜಾಹೀರಾತು ಕಂಪನಿಯ ಹೆಸರಿನ ಕೊನೆಯ ಅಕ್ಷರ ಇವರದೇ. ಬ್ರೈನ್‌ಸ್ಟಾರ್ಮಿಂಗ್, ಅಂದರೆ ಗುಂಪಾಗಿ ಕೂತು ಹೊಳೆದದ್ದನ್ನೆಲ್ಲ ಹೇಳುತ್ತಾ ವಿಚಾರ ಹುಡುಕುವುದು, ಎಂಬ ಪದವನ್ನು ಜನಪ್ರಿಯ ಮಾಡಿದವರು ಇವರು. ನಿಯಮ ನಾಲ್ಕು. ಯಾರೂ ಟೀಕೆ ಮಾಡಬಾರದು, ಎಷ್ಟು ಜಾಸ್ತಿ ಬಂದರೆ ಅಷ್ಟು ಒಳ್ಳೆಯದು, ಎಂಥ ವಿಚಿತ್ರ ವಿಚಾರವಾದರೂ ಸರಿ, ಒಬ್ಬರ ಮಾತಿಗೆ ಇನ್ನೊಬ್ಬರು ಸೇರಿಸಬಹುದು. ಹೀಗೆ ಗುಂಪಿನಲ್ಲಿ ಕೂತರೆ ಒಬ್ಬೊಬ್ಬರಿಗೂ ಒಂಟಿಯಾಗಿ ಹೊಳೆಯುವುದರ ಎರಡು ಪಟ್ಟು ಹೊಳೆಯುತ್ತದೆ ಎಂದು 1950ರ ದಶಕದ ತಮ್ಮ ಪುಸ್ತಕದಲ್ಲಿ ಹೇಳಿದರು. ಜನ ನಂಬಿದರು. ಕಂಪನಿಗಳು ನಂಬಿದವು, ಶಾಲೆಗಳು ನಂಬಿದವು.

1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮೂವರು ಇದನ್ನು ಲೆಕ್ಕ ಹಾಕಿ ನೋಡಿದರು. ಟೇಲರ್, ಬೆರಿ ಮತ್ತು ಬ್ಲಾಕ್ ಎಂದು ಅವರ ಹೆಸರು. 48 ವಿದ್ಯಾರ್ಥಿಗಳನ್ನು ನಾಲ್ಕು ನಾಲ್ಕು ಜನರ 12 ಗುಂಪು ಮಾಡಿ ಕೂರಿಸಿದರು. ಇನ್ನು 48 ಜನರನ್ನು ಒಬ್ಬೊಬ್ಬರಾಗಿಯೇ ಯೋಚಿಸಲು ಬಿಟ್ಟರು. ಒಂಟಿಯಾಗಿ ಕೂತವರ ಪಟ್ಟಿಗಳನ್ನು ಆಮೇಲೆ ನಾಲ್ಕು ನಾಲ್ಕಾಗಿ ಜೋಡಿಸಿದರು. ಎರಡೆರಡು ಸಲ ಬಂದದ್ದನ್ನು ಒಂದೇ ಎಂದು ಎಣಿಸಿದರು. ಒಟ್ಟಿಗೆ ಕೂರದ ಈ ‘ಗುಂಪು’ಗಳಿಂದ, ನಿಜವಾಗಿ ಕೂತು ಮಾತಾಡಿದ ಗುಂಪುಗಳಿಗಿಂತ ಸುಮಾರು ಎರಡು ಪಟ್ಟು ವಿಚಾರ ಬಂದಿತ್ತು. ಆಸ್ಬಾರ್ನ್ ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

ಏಕೆ ಹೀಗೆ? ಮೂರು ಅನುಮಾನ ಇದ್ದವು. ಒಂದು, ಬೇರೆಯವರು ಹೇಳುತ್ತಾರೆ ಬಿಡು ಎಂಬ ಉದಾಸೀನ. ಇನ್ನೊಂದು, ಯಾರಾದರೂ ನಕ್ಕರೆ ಎಂಬ ಅಂಜಿಕೆ. ಮೂರನೆಯದು ಸರದಿ. ಶಾಲೆಯಲ್ಲಿ ನಾವು ಮೊದಲೆರಡನ್ನೇ ಕಾರಣ ಅಂದುಕೊಳ್ಳುತ್ತೇವೆ. ‘ಮೈಗಳ್ಳ’, ‘ನಾಚಿಕೆ ಸ್ವಭಾವ’ ಎಂದು ಮಗುವಿಗೆ ಒಂದು ಹೆಸರು ಅಂಟಿಸಿ ಮುಂದೆ ಹೋಗುತ್ತೇವೆ.

ಜರ್ಮನಿಯ ಮೈಕೆಲ್ ಡೀಲ್ ಮತ್ತು ವುಲ್ಫ್‌ಗಾಂಗ್ ಸ್ಟ್ರೋಬ 1987ರಲ್ಲಿ ಈ ಮೂರನ್ನೂ ಬಿಡಿಸಿ ನೋಡಿದರು. ಅವರ ಪ್ರಯೋಗಗಳಲ್ಲಿ ಒಂದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಾಲ್ವರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. ಒಬ್ಬರ ಮುಖ ಒಬ್ಬರಿಗೆ ಕಾಣದು. ಎದುರಿಗೆ ಟ್ರಾಫಿಕ್ ಸಿಗ್ನಲ್‌ನಂಥ ದೀಪ. ಯಾರಾದರೂ ಒಬ್ಬರು ಮಾತಾಡುತ್ತಿದ್ದರೆ ಉಳಿದವರಿಗೆ ಕೆಂಪು, ಅಂದರೆ ಬಾಯಿ ತೆರೆಯುವಂತಿಲ್ಲ. ಕೆಲವರಿಗೆ ಉಳಿದವರ ಮಾತು ಕಿವಿಗೆ ಬೀಳುವಂತೆ ಮಾಡಿದ್ದರು, ಕೆಲವರಿಗೆ ಅದೂ ಇಲ್ಲ. ಎರಡೂ ಕಡೆ ಹುಟ್ಟಿದ ವಿಚಾರಗಳು ಒಟ್ಟಿಗೆ ಕೂತ ಗುಂಪಿನಷ್ಟೇ ಕಡಿಮೆಗೆ ಇಳಿದವು. ಇನ್ನೊಂದು ಗುಂಪಿಗೆ ಅದೇ ದೀಪ ಇಟ್ಟು, ‘ಅದರ ಕಡೆ ಗಮನ ಕೊಡಬೇಡಿ, ಹೊಳೆದಾಗ ಹೇಳಿ’ ಅಂದರು. ಅವರು ಒಂಟಿಯಾಗಿ ಯೋಚಿಸುವವರ ಮಟ್ಟಕ್ಕೆ ಏರಿದರು.

ನೋಡಿ, ಬೇರೆಯವರ ಮುಖ ಇಲ್ಲ. ನಗುವವರಿಲ್ಲ. ಕೆಲವರಿಗೆ ಮಾತೂ ಕೇಳಿಸುವುದಿಲ್ಲ. ಬರೀ ಕಾಯುವುದೊಂದೇ ಸಾಕಾಯಿತು.

ಕಾಯುವುದು ಇಷ್ಟು ಕೆಡಿಸುವುದು ಹೇಗೆ? ಒಂದು ವಿಚಾರ ಇನ್ನೊಂದರ ಕೈ ಹಿಡಿದು ಬರುತ್ತದೆ. ಹಾಳೆ ಅಂದರೆ ಟೊಪ್ಪಿ, ಟೊಪ್ಪಿ ಅಂದರೆ ಮಳೆ, ಮಳೆ ಅಂದರೆ ಮಾಡಿನಿಂದ ಸುರಿಯುವ ನೀರು. ಈ ಸಾಲು ಹರಿಯುತ್ತಿರಬೇಕು. ಸರದಿಗೆ ಕಾಯುವ ಮಗು ‘ಟೊಪ್ಪಿ, ಟೊಪ್ಪಿ’ ಎಂದು ಮನಸ್ಸಿನಲ್ಲೇ ಜಪ ಮಾಡುತ್ತಿರುತ್ತದೆ, ಮರೆಯಬಾರದಲ್ಲ! ಹಿಡಿದುಕೊಂಡು ನಿಂತರೆ ಮುಂದಿನದು ಹೊಳೆಯದು. ಮುಂದಿನದಕ್ಕೆ ಹೋದರೆ ಹಿಂದಿನದು ಜಾರುತ್ತದೆ. ಗುಂಪು ದೊಡ್ಡದಾದಷ್ಟೂ ಕಾಯುವುದು ಜಾಸ್ತಿ, ನಷ್ಟವೂ ಜಾಸ್ತಿ. ಇಬ್ಬರೇ ಇದ್ದರೆ ಅಷ್ಟಾಗಿ ಕಾಡುವುದಿಲ್ಲ.

ಇನ್ನೊಂದು ಮಾತು. ಗುಂಪಿನಲ್ಲಿ ಕೂತವರಿಗೆ ಈ ನಷ್ಟ ಕಾಣುವುದೇ ಇಲ್ಲ. ‘ಎಷ್ಟು ಚೆನ್ನಾಗಿ ಚರ್ಚೆ ಆಯ್ತು’ ಎಂದು ಖುಷಿಯಿಂದಲೇ ಏಳುತ್ತಾರೆ. ಬೇರೆಯವರು ಹೇಳಿದ್ದನ್ನು ತಾವೂ ಯೋಚಿಸಿದ್ದೆವು ಅನಿಸುತ್ತದೆ. ಇದನ್ನೂ ಸಂಶೋಧಕರು ಮತ್ತೆ ಮತ್ತೆ ಕಂಡಿದ್ದಾರೆ.

ಇದನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದಾಗ ನಮ್ಮ ಭಾವ ಒಂದು ಪ್ರಶ್ನೆ ಕೇಳಿದರು. ಅವರು ಊರಿನ ತಾಳಮದ್ದಳೆಯಲ್ಲಿ ಅರ್ಥ ಹೇಳುವವರು. ‘ನಮ್ಮಲ್ಲೂ ಒಬ್ಬೊಬ್ಬರೇ ಮಾತಾಡೋದು ತಾನೆ? ಕೌರವ ಹೇಳಿ ಮುಗಿಸೋವರೆಗೆ ಕೃಷ್ಣ ಕಾಯ್ತಾನೆ. ಆದ್ರೂ ಎಂಥೆಂಥ ಹೊಸ ಮಾತು ಬರ್ತದೆ! ಅಲ್ಲಿ ನಿನ್ನ ತಡೆ ಎಲ್ಲಿ ಹೋಯ್ತು?’

ಒಳ್ಳೆಯ ಪ್ರಶ್ನೆ. ಎರಡು ದಿನ ತಲೆಯಲ್ಲೇ ಇತ್ತು. ನನಗೆ ಕಂಡದ್ದು ಇಷ್ಟು. ಅರ್ಥಧಾರಿ ಬರಿಗೈಯಲ್ಲಿ ಬಂದು ಕೂರುವುದಿಲ್ಲ. ಪ್ರಸಂಗ ಓದಿರುತ್ತಾರೆ, ಪದ್ಯ ಗೊತ್ತಿರುತ್ತದೆ, ಯಾವ ವಾದ ಎಲ್ಲಿ ಎತ್ತಬೇಕೆಂದು ತೋಟದಲ್ಲಿ ತಿರುಗುವಾಗಲೋ ಬಸ್ಸಿನಲ್ಲೋ ಒಬ್ಬರೇ ಯೋಚಿಸಿರುತ್ತಾರೆ. ಮೇಲಾಗಿ ಅಲ್ಲಿಯ ಕೆಲಸ ಎದುರಿನವರ ಮಾತನ್ನು ಹಿಡಿದು ಉತ್ತರ ಕೊಡುವುದು. ಅದಕ್ಕೆ ಕೇಳಿಸಿಕೊಳ್ಳಲೇಬೇಕು. ಸರದಿ ಅಲ್ಲಿ ಅಡ್ಡಿಯಲ್ಲ, ಆಟದ ಬೆನ್ನೆಲುಬು.

ಈ ವ್ಯತ್ಯಾಸಕ್ಕೆ ಮನಶ್ಶಾಸ್ತ್ರದಲ್ಲೂ ಹೆಸರಿದೆ. ಸೃಜನಶೀಲತೆಯ ಬಗ್ಗೆ ಸಂಶೋಧನೆ ತೀರಾ ಕಡಿಮೆ ಎಂದು 1950ರಲ್ಲಿ ಅಮೆರಿಕದ ಮನಶ್ಶಾಸ್ತ್ರ ಸಂಘದ ಅಧ್ಯಕ್ಷರಾಗಿ ಎಚ್ಚರಿಸಿದ ಜೆ.ಪಿ. ಗಿಲ್ಫರ್ಡ್ ಎರಡು ಬಗೆಯ ಯೋಚನೆಯನ್ನು ಬೇರೆ ಮಾಡಿದರು. ಒಂದೇ ಪ್ರಶ್ನೆಗೆ ಹತ್ತಾರು ದಾರಿ ಹುಡುಕುವುದು ಡೈವರ್ಜೆಂಟ್, ಕವಲೊಡೆಯುವ ಯೋಚನೆ. ಸರಿಯಾದ ಒಂದಕ್ಕೆ ಬಂದು ಸೇರುವುದು ಕನ್ವರ್ಜೆಂಟ್, ಕೂಡುವ ಯೋಚನೆ. ಇಟ್ಟಿಗೆಯಿಂದ ಏನೇನು ಮಾಡಬಹುದು ಎಂದು ಕೇಳುವ ಪ್ರಸಿದ್ಧ ಪರೀಕ್ಷೆ ಅವರದು. ನನ್ನ ಅಡಿಕೆ ಹಾಳೆ ಅದರ ಶಿರಸಿ ರೂಪ. ಸರದಿ ತಡೆ ಮುಖ್ಯವಾಗಿ ಕವಲೊಡೆಯುವ ಹಂತದ ತೊಂದರೆ. ಯಾವುದು ಒಳ್ಳೆಯದು ಎಂದು ಆರಿಸುವ ಹೊತ್ತಿಗೆ ಎದುರುಬದುರು ಕೂತು ವಾದ ಮಾಡುವುದೇ ಸರಿ ಎಂದು ನನ್ನ ಅನಿಸಿಕೆ. ಹಾಗಾಗಿ ಈ ಪದ ಕಲಿತು ಗುಂಪು ಚಟುವಟಿಕೆಯನ್ನೇ ಕೈಬಿಡುವವರನ್ನು ನಾನು ಒಪ್ಪುವುದಿಲ್ಲ. ಆಸ್ಬಾರ್ನ್ ಕೂಡ ಒಂಟಿ ಯೋಚನೆ ಬೇಡ ಎಂದವರಲ್ಲ.

ತಡೆಗೆ ಮದ್ದು ಸುಲಭ. ಎಲ್ಲರೂ ಒಟ್ಟಿಗೇ ಬರೆಯುವುದು. ಇದಕ್ಕೆ ಬ್ರೈನ್‌ರೈಟಿಂಗ್ ಎನ್ನುತ್ತಾರೆ. ಜರ್ಮನಿಯ ಬರ್ಂಡ್ ರೋರ್‌ಬಾಖ್ 1968ರಲ್ಲಿ ಕೊಟ್ಟ 6-3-5 ಕ್ರಮ ಇದರಲ್ಲಿ ಹೆಸರಾದದ್ದು. ಆರು ಜನ, ಒಬ್ಬೊಬ್ಬರು ಮೂರು ವಿಚಾರ, ಐದು ನಿಮಿಷ. ಆಮೇಲೆ ಬರೆದ ಕಾಗದ ಪಕ್ಕದವರಿಗೆ ಹೋಗುತ್ತದೆ. ಅವರು ಓದಿ ಇನ್ನು ಮೂರು ಸೇರಿಸುತ್ತಾರೆ. ಆರು ಸುತ್ತು ಆದರೆ ಅರ್ಧ ಗಂಟೆಯಲ್ಲಿ 108 ವಿಚಾರ. ಬೇರೆಯವರ ವಿಚಾರ ಕಣ್ಣಿಗೂ ಬೀಳುತ್ತದೆ, ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ. ಕಂಪ್ಯೂಟರಿನಲ್ಲಿ ಎಲ್ಲರೂ ಏಕಕಾಲಕ್ಕೆ ಟೈಪ್ ಮಾಡಿದರೂ ತಡೆ ಕರಗುತ್ತದೆ ಎಂದು 1990ರ ದಶಕದ ಪ್ರಯೋಗಗಳು ತೋರಿಸಿವೆ.

ನಾನು ಮಾಡಿದ್ದು ಇನ್ನೂ ಸರಳ. ಅದೇ ಪ್ರಶ್ನೆ, ಮರುವಾರ. ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಐದು ನಿಮಿಷ ಮಾತಿಲ್ಲದೆ ಬರೆಯಿರಿ, ಆಮೇಲೆ ಗುಂಪು ಎಂದೆ. ಕಿಟಕಿ ಪಕ್ಕದ ಹುಡುಗಿಯ ಪುಟದಲ್ಲಿ ಇದ್ದದ್ದು: ಮಾಡಿನ ನೀರು ಹಂಡೆಗೆ ಬೀಳಿಸುವ ದೋಣಿ, ನಾಯಿಮರಿಗೆ ಹಾಸಿಗೆ, ಜೋರು ಮಳೆಗೆ ಸಸಿ ಮುರಿಯದಂತೆ ಕೊಡೆ, ನಾಟಕಕ್ಕೆ ಕಿರೀಟ, ಅಜ್ಜಿಗೆ ಒಲೆಯ ಬೂದಿ ತುಂಬಲು ಮರಿಗೆ.

ಕೊನೆಗೊಂದು ವಿಷಯ, ಎರಡು ಪದ ಕಲಸಿಹೋಗದಿರಲಿ ಎಂದು. ಸಭಾಕಂಪ ಬೇರೆ, ಸರದಿ ತಡೆ ಬೇರೆ. ಸಭಾಕಂಪದಲ್ಲಿ ವಿಚಾರ ಇರುತ್ತದೆ, ಬಾಯಿ ಏಳುವುದಿಲ್ಲ. ಸರದಿ ತಡೆಯಲ್ಲಿ ವಿಚಾರ ಕಾಯುವಾಗಲೇ ಜಾರಿಹೋಗುತ್ತದೆ, ಇಲ್ಲವೇ ಹುಟ್ಟುವುದೇ ಇಲ್ಲ, ಧೈರ್ಯವಂತರಿಗೂ ಅಷ್ಟೇ. ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡುವ ಹುಡುಗ, ‘ಅವ ಹೇಳಿ ಮುಗಿಸೋದ್ರೊಳಗೆ’ ಎಂದು ಅವಳು ಹೇಳಿದ್ದಳಲ್ಲ, ಅವನೇ, ಆ ಐದು ನಿಮಿಷದಲ್ಲಿ ಬರೆದ ಪಟ್ಟಿ ಹಿಂದಿನ ವಾರ ಅವನು ಬಾಯಲ್ಲಿ ಹೇಳಿದ್ದಕ್ಕಿಂತ ಉದ್ದವಿತ್ತು.