ಡಬಲ್ ಏಜೆಂಟ್ ಅಂದರೆ ಮಾರುವೇಷದವನಲ್ಲ

ಹಳೆಯ ಬ್ರಿಟಿಷ್ ಟಿವಿ ಧಾರಾವಾಹಿ 'ಡೇಂಜರ್ ಮ್ಯಾನ್' ಬಗ್ಗೆ ಕನ್ನಡದಲ್ಲಿ ಬರೆದ ಒಂದು ಪರಿಚಯ ಮೊನ್ನೆ ಕಣ್ಣಿಗೆ ಬಿತ್ತು. ಅದರಲ್ಲಿ ನಾಯಕ, ಬೇಹುಗಾರ ಜಾನ್ ಡ್ರೇಕ್, 'ಡಬಲ್ ಏಜೆಂಟ್' ಆಗಿಬಿಟ್ಟಿದ್ದ. ಅದಕ್ಕೂ ಮುಂಚೆ ಯಾವುದೋ ಸಿನಿಮಾ ವಿಮರ್ಶೆಯಲ್ಲಿ, ಪೊಲೀಸರು ಕಳ್ಳರ ಗುಂಪಿನೊಳಗೆ ಕಳಿಸಿದ ಹುಡುಗನೂ ಡಬಲ್ ಏಜೆಂಟ್ ಆಗಿದ್ದ. ಕಳೆದ ಭಾನುವಾರ ಅಕ್ಕನ ಮಗನೂ ಅದನ್ನೇ ಅಂದ. ಇನ್ನು ಸುಮ್ನಿರಲು ಆಗಲಿಲ್ಲ.

ನಾವಿಬ್ಬರೂ ನೋಡುತ್ತಿದ್ದದ್ದು 'ಡೋಂಟ್ ನೇಲ್ ಹಿಮ್ ಯೆಟ್' ಎಂಬ ಕಂತು. ಅಂದರೆ 'ಅವನನ್ನು ಈಗಲೇ ಹಿಡಿಯಬೇಡಿ'. ಧಾರಾವಾಹಿ 1960ರಲ್ಲಿ ಅರ್ಧ ಗಂಟೆಯ ಕಂತುಗಳಾಗಿ ಶುರುವಾಗಿ, ನಡುವೆ ನಿಂತು, 1964ರಲ್ಲಿ ಒಂದು ಗಂಟೆಯ ಕಂತುಗಳಾಗಿ ಮರಳಿ ಬಂತಲ್ಲ, ಆ ಎರಡನೇ ಸುತ್ತಿನದು ಇದು. ರಾಸನ್ ಎಂಬವನು ರಹಸ್ಯ ಹೊರಗೆ ಬಿಡುತ್ತಿದ್ದಾನೆ ಎಂಬ ಅನುಮಾನ. ಪ್ಯಾಟ್ರಿಕ್ ಮೆಗೂಹನ್ ಮಾಡಿದ ಡ್ರೇಕ್, ಸಂಕೋಚದ ಸ್ವಭಾವದ ಶಾಲಾ ಮೇಷ್ಟ್ರಾಗಿ ಅವನ ಗೆಳೆತನ ಬೆಳೆಸುತ್ತಾನೆ.

"ಮಾಮ, ಇವನು ಅವನಿಗೆ ಫ್ರೆಂಡು, ಒಳಗಿಂದ ಸರ್ಕಾರದವನು. ಡಬಲ್ ಏಜೆಂಟ್ ತಾನೆ?"

"ಅವನಿಗೆ ಎರಡು ಸಂಬಳ ಬರ್ತಿದೆಯೇನೋ?" ಅಂದೆ.

ಇಡೀ ಪದ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಡಬಲ್ ಏಜೆಂಟ್ ಆಗಬೇಕಾದರೆ ಎರಡು ಬೇಹು ಸಂಸ್ಥೆಗಳು ಬೇಕು. ಎರಡೂ ಅವನನ್ನು 'ನಮ್ಮವನು' ಅಂದುಕೊಂಡಿರಬೇಕು. ಅದರಲ್ಲಿ ಒಂದು ಮೋಸ ಹೋಗಿರಬೇಕು. ಡ್ರೇಕ್ ಲಂಡನ್ನಿನ ಒಂದೇ ಕಚೇರಿಯ ಆಳು. ರಾಸನ್‌ಗಂತೂ ಅವನು ಏಜೆಂಟ್ ಅನ್ನುವುದೇ ಗೊತ್ತಿಲ್ಲ, ಮೇಷ್ಟ್ರು ಅಂತಲೇ ನಂಬಿದ್ದಾನೆ. ಮೋಸ ಹೋಗುತ್ತಿರುವುದು ಒಬ್ಬ ಮನುಷ್ಯ, ಒಂದು ಸಂಸ್ಥೆಯಲ್ಲ. ಹಾಗಿದ್ದ ಮೇಲೆ ಡಬಲ್ ಎಲ್ಲಿಂದ ಬಂತು?

ಈ ತಪ್ಪಿಗೆ ನಮ್ಮ ಕನ್ನಡದೊಳಗೇ ಒಂದು ಕಾರಣ ಇದೆ ಅನ್ನಿಸುತ್ತದೆ. 'ಡಬಲ್' ನಮಗೆ ಮೊದಲು ಬಂದದ್ದು ಸಿನಿಮಾದಿಂದ. ಒಬ್ಬನೇ ನಟ ಎರಡು ಪಾತ್ರ ಮಾಡಿದರೆ ಡಬಲ್ ಆಕ್ಟಿಂಗ್. ಮನಸ್ಸಲ್ಲೊಂದು ಬಾಯಲ್ಲೊಂದು ಇಟ್ಟುಕೊಂಡವನದು ಡಬಲ್ ಗೇಮ್. ಅದರ ಹಿಂದೆ ಇನ್ನೂ ಹಳೆಯದೊಂದು ಮಾತಿದೆ: ಉಂಡ ಮನೆಗೆ ಎರಡು ಬಗೆಯುವುದು. 'ಎರಡು' ಅಂದ ತಕ್ಷಣ ನಮ್ಮ ಕಿವಿಗೆ ವಂಚನೆ ಕೇಳಿಸುತ್ತದೆ. ಹಾಗಾಗಿ ಎರಡು ಮುಖ ಕಂಡಲ್ಲೆಲ್ಲ ಡಬಲ್ ಏಜೆಂಟ್ ಅಂದುಬಿಡುತ್ತೇವೆ. ಆದರೆ ಆ ಪದ ಮುಖ ಎಣಿಸುವುದಿಲ್ಲ, ಯಜಮಾನರನ್ನು ಎಣಿಸುತ್ತದೆ.

ಡ್ರೇಕ್ ಮಾಡುತ್ತಿರುವುದಕ್ಕೆ ನಮ್ಮಲ್ಲಿ ಒಳ್ಳೆಯ ಪದವೇ ಇದೆ. ಮಾರುವೇಷ. ಅದನ್ನು ಬಿಟ್ಟು ತಪ್ಪು ಇಂಗ್ಲಿಷ್ ಪದ ಹುಡುಕಿಕೊಂಡು ಹೋಗುವುದು ನನಗೆ ನಿಜವಾಗಿ ಬೇಸರ ತರಿಸುತ್ತದೆ. ಇಲ್ಲಿಯ 'ಮಾರು' ಎಂಬುದು ಬದಲು, ಬೇರೆ, ಎದುರು ಎಂಬ ಅರ್ಥದ್ದು. ಮಾರುತ್ತರ, ಮಾರ್ಪಾಡು, ಮಾರನೆಯ ದಿನ, ಎಲ್ಲದರಲ್ಲೂ ಅದೇ ಇದೆ. ಹಳಗನ್ನಡದಲ್ಲಿ ಅದನ್ನು ಶಕಟರೇಫದಿಂದ, ಅಂದರೆ ಈಗ ನಾವು ಬಿಟ್ಟುಬಿಟ್ಟಿರುವ 'ಱ' ಅಕ್ಷರದಿಂದ, 'ಮಾಱು' ಎಂದು ಬರೆಯುತ್ತಿದ್ದರು. ತಮಿಳಿನಲ್ಲಿ ಇವತ್ತಿಗೂ 'ಮಾಱು' ಅಂದರೆ ಬದಲಾಗು. ಅಂಗಡಿಯಲ್ಲಿ ಸಾಮಾನು ಮಾರುವ 'ಮಾರು' ಕೂಡ ಇದೇ ಬೇರಿನದು. ಒಂದನ್ನು ಕೊಟ್ಟು ಬದಲಿಗೆ ಇನ್ನೊಂದನ್ನು ಪಡೆಯುವುದೇ ಮಾರಾಟ ಅಲ್ವಾ? ಆ ಕಂತನ್ನು ಈ ಪದ ತಲೆಯಲ್ಲಿಟ್ಟುಕೊಂಡು ನೋಡಿ. ಒಬ್ಬನ ಮೇಲೆ ಗುಟ್ಟು ಮಾರಿದ ಅನುಮಾನ, ಇನ್ನೊಬ್ಬನದು ಮಾರುವೇಷ. ಇಬ್ಬರಿಗೂ ಒಂದೇ ಧಾತು.

'ಬೇಹು' ಕೂಡ ನಮ್ಮದೇ. ತಮಿಳಿನಲ್ಲಿ ವೇವು, ತೆಲುಗಿನಲ್ಲಿ ವೇಗು. ತಮಿಳಿನ 'ವೇರು' ನಮ್ಮಲ್ಲಿ 'ಬೇರು' ಆಗುತ್ತದಲ್ಲ, ಅದೇ ದಾರಿಯಲ್ಲಿ ಇಲ್ಲೂ ವಕಾರ ಬಕಾರವಾಗಿದೆ. ಗೂಢಚಾರ ಸಂಸ್ಕೃತದ್ದು: ಗೂಢ ಅಂದರೆ ಮರೆಯಾದದ್ದು, ಗುಹೆಯೂ ಅದೇ ಧಾತುವಿನಿಂದ ಬಂದದ್ದು. ಎರಡು ಪದವೂ ಚೆನ್ನಾಗಿವೆ, ಯಾವುದನ್ನಾದರೂ ಬಳಸಿ.

ಹಾಗಾದರೆ ಡಬಲ್ ಏಜೆಂಟ್‌ಗೆ ನಮ್ಮಲ್ಲಿ ಪದ ಇಲ್ಲವೇ ಅಂತ ಕೇಳಿದರೆ, ಇದೆ, ಅದೂ ತುಂಬಾ ಹಳೆಯದು. ಉಭಯವೇತನ. ಎರಡೂ ಕಡೆಯಿಂದ ಸಂಬಳ ತಗೊಳ್ಳುವವನು. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣದಲ್ಲಿ ಬರುವ ಪದ ಇದು. ಆ ಗ್ರಂಥದ ತಾಳೆಗರಿ ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದು, ಆರ್. ಶಾಮಾಶಾಸ್ತ್ರಿಗಳ ಕೈಗೆ ಸಿಕ್ಕಿ, 1909ರಲ್ಲಿ ಅಚ್ಚಾಗಿ ಜಗತ್ತಿಗೆ ಗೊತ್ತಾಯಿತು. ಮೈಸೂರಿನಿಂದ ಲೋಕಕ್ಕೆ ಹೋದ ಪದವನ್ನು ನಾವೇ ಬಳಸುವುದಿಲ್ಲ.

ಕೌಟಿಲ್ಯನ ವಿಂಗಡಣೆ ಎಷ್ಟು ಬಿಗಿಯಾಗಿದೆ ನೋಡಿ. ಒಂದೇ ಕಡೆ ನೆಲೆಯೂರಿ ಕೆಲಸ ಮಾಡುವವರು ಐದು ಬಗೆ. ಕಪಟ ವಿದ್ಯಾರ್ಥಿಯಾದ ಕಾಪಟಿಕ, ಸನ್ಯಾಸ ಬಿಟ್ಟ ಉದಾಸ್ಥಿತ, ಒಕ್ಕಲುತನದ ವೇಷದ ಗೃಹಪತಿಕ, ವ್ಯಾಪಾರಿಯ ವೇಷದ ವೈದೇಹಕ, ತಪಸ್ವಿಯ ವೇಷದ ತಾಪಸ. ತಿರುಗಾಡುವವರು ಬೇರೆ: ರಾಜನೇ ಸಾಕಿ ಕಲಿಸಿದ ಅನಾಥನಾದ ಸತ್ರಿ, ಪ್ರಾಣದ ಹಂಗಿಲ್ಲದ ತೀಕ್ಷ್ಣ, ವಿಷ ಹಾಕುವ ರಸದ, ಭಿಕ್ಷುಕಿ. ಇವರಲ್ಲಿ ಹೆಚ್ಚಿನವರು ಯಾವುದಾದರೂ ವೇಷ ಹಾಕಿದವರೇ, ಆದರೂ ಇವರನ್ನು ಅವನು ಉಭಯವೇತನರು ಅನ್ನುವುದಿಲ್ಲ. ಆ ಪದವನ್ನು ಬೇರೆಯಾಗಿ ಎತ್ತಿಟ್ಟಿದ್ದಾನೆ. ಶತ್ರುವಿನ ಬಳಿ ಕೆಲಸಕ್ಕೆ ಸೇರಿ, ಅವನ ಸಂಬಳವನ್ನೂ ತಗೊಂಡು, ನಮಗೆ ಸುದ್ದಿ ಕೊಡುವವನು ಉಭಯವೇತನ. ಅಂಥವನನ್ನು ಕಳಿಸುವಾಗ ಅವನ ಹೆಂಡತಿ ಮಕ್ಕಳನ್ನು ತನ್ನ ವಶದಲ್ಲಿ ಇಟ್ಟುಕೊಂಡಿರಬೇಕು ಅಂತಲೂ ಹೇಳುತ್ತಾನೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಎರಡು ಕಡೆ ಸಂಬಳ ತಿನ್ನುವವನು ನಾಳೆ ಯಾವ ಕಡೆ ಉಳಿಯುತ್ತಾನೋ ಎಂಬ ಭಯ ಆಗಲೂ ಇತ್ತು. ಇಂಥವರನ್ನು ಶತ್ರುವೂ ನಮ್ಮಲ್ಲಿಗೆ ಕಳಿಸಿರುತ್ತಾನೆ, ಅವರನ್ನು ಅಂಥವರಿಂದಲೇ ಪತ್ತೆ ಹಚ್ಚಬೇಕು ಎಂಬ ಮಾತೂ ಅಲ್ಲೇ ಇದೆ.

ಇನ್ನು ಡ್ರೇಕ್ ಮಾಡುವ ಕೆಲಸ, ಅಂದರೆ ಅನುಮಾನ ಇರುವವನ ಹತ್ತಿರ ಹೋಗಿ ಅವನ ನಿಷ್ಠೆ ಅಳೆಯುವುದು, ಅದಕ್ಕೂ ಅಲ್ಲಿ ಪದ ಇದೆ: ಉಪಧಾ. ಮಂತ್ರಿಗಳನ್ನು ಪರೀಕ್ಷಿಸಲು ಧರ್ಮ, ಅರ್ಥ, ಕಾಮ, ಭಯ ಎಂದು ನಾಲ್ಕು ಉಪಧೆಗಳು. ಭಯದ್ದು ಹೀಗಿದೆ. ಒಬ್ಬ ಮಂತ್ರಿ ಉಳಿದವರನ್ನೆಲ್ಲ ವಿಹಾರಕ್ಕೆ ಕರೆಯುತ್ತಾನೆ. ರಾಜ ಗಾಬರಿಗೊಂಡವನಂತೆ ಎಲ್ಲರನ್ನೂ ಸೆರೆಗೆ ಹಾಕಿಸುತ್ತಾನೆ. ಒಳಗೆ ಮೊದಲೇ ಸೆರೆಯಾಗಿ ಕೂತಿರುವವನು ಆ ಕಾಪಟಿಕ. ಅವಮಾನಗೊಂಡು ಬಂದ ಒಬ್ಬೊಬ್ಬರ ಬಳಿಯೂ ಹೋಗಿ, ಈ ರಾಜ ಕೆಟ್ಟವನು, ಇವನನ್ನು ಕೊಂದು ಬೇರೆಯವನನ್ನು ಕೂರಿಸೋಣ, ಎಲ್ಲರಿಗೂ ಒಪ್ಪಿಗೆ, ನೀವೇನಂತೀರಿ ಎಂದು ಕೇಳುತ್ತಾನೆ. ಒಪ್ಪದಿದ್ದರೆ ಆ ಮಂತ್ರಿ ಶುಚಿ. ಅಲ್ಲಿ ಶಿಷ್ಯ, ಇಲ್ಲಿ ಮೇಷ್ಟ್ರು. ಗೆಳೆತನ ಎರಡರಲ್ಲೂ ಒಂದೇ ಥರ. ಎರಡನೇ ಸಂಬಳ ಮಾತ್ರ ಎರಡರಲ್ಲೂ ಇಲ್ಲ.

ನಿಜವಾದ ಡಬಲ್ ಏಜೆಂಟ್ ಹೇಗಿರುತ್ತಾನೆ ಅಂತ ನೋಡಬೇಕಾದರೆ ಎರಡನೇ ಮಹಾಯುದ್ಧಕ್ಕೆ ಹೋಗಬೇಕು. ಹ್ವಾನ್ ಪುಜೋಲ್ ಎಂಬ ಸ್ಪೇನ್ ದೇಶದವನಿಗೆ ಬ್ರಿಟಿಷರು ಕೊಟ್ಟ ಗುಪ್ತನಾಮ 'ಗಾರ್ಬೋ'. ಮೊದಲು ಬ್ರಿಟಿಷರ ಬಳಿ ಹೋದ, ಸೇರಿಸಿಕೊಳ್ಳಲಿಲ್ಲ. ಆಮೇಲೆ ಜರ್ಮನ್ನರ ಏಜೆಂಟ್ ಆಗಿ ಸೇರಿ, ಲಂಡನ್‌ನಲ್ಲಿದ್ದೇನೆ ಅಂತ ಲಿಸ್ಬನ್‌ನಲ್ಲಿ ಕೂತು ಸುಳ್ಳು ವರದಿ ಬರೆದ. ಗ್ಲಾಸ್ಗೋದಲ್ಲಿ ಒಂದು ಲೀಟರ್ ವೈನ್ ಕೊಟ್ಟರೆ ಏನು ಬೇಕಾದರೂ ಮಾಡುವವರಿದ್ದಾರೆ ಅಂತ ಬರೆದಿದ್ದ. ಅಲ್ಲಿನವರು ವೈನ್ ಲೀಟರ್‌ಗಟ್ಟಲೆ ಕುಡಿಯುವವರಲ್ಲ ಅನ್ನುವುದು ಅವನಿಗೂ ಗೊತ್ತಿರಲಿಲ್ಲ, ಓದಿದ ಜರ್ಮನ್ನರಿಗೂ ಹೊಳೆಯಲಿಲ್ಲ. 1942ರಲ್ಲಿ ಬ್ರಿಟಿಷರು ಅವನನ್ನು ಲಂಡನ್ನಿಗೆ ಕರೆಸಿಕೊಂಡರು. ಕೊನೆಗೆ ಅವನ ಕೈಕೆಳಗೆ 27 ಜನ ಏಜೆಂಟರಿದ್ದಾರೆಂದು ಜರ್ಮನ್ನರು ನಂಬಿದ್ದರು. ಒಬ್ಬರೂ ಇರಲಿಲ್ಲ, ಎಲ್ಲ ಕಲ್ಪನೆ. ಆ ಹೆಸರುಗಳಿಗೂ ಸೇರಿಸಿ ಜರ್ಮನ್ನರೇ ದುಡ್ಡು ಕೊಡುತ್ತಿದ್ದರು! 1944ರಲ್ಲಿ ಜರ್ಮನಿ ಅವನಿಗೆ ಐರನ್ ಕ್ರಾಸ್ ಪದಕ ಕೊಟ್ಟಿತು, ಬ್ರಿಟನ್ ಎಂಬಿಇ ಎಂಬ ಗೌರವ ಕೊಟ್ಟಿತು. ಇವನು ಉಭಯವೇತನ. ಇಂಥವರನ್ನು ನಡೆಸುತ್ತಿದ್ದ ಸಮಿತಿಯ ಹೆಸರು ಟ್ವೆಂಟಿ. ರೋಮನ್ ಅಂಕಿಯಲ್ಲಿ ಇಪ್ಪತ್ತು ಅಂದರೆ ಎರಡು ಎಕ್ಸ್, ಅಂದರೆ ಡಬಲ್ ಕ್ರಾಸ್.

ಡ್ರೇಕ್ ಅಲ್ಲದಿದ್ದರೆ ರಾಸನ್ ಆದರೂ ಡಬಲ್ ಏಜೆಂಟಾ? ಅದೂ ಅಲ್ಲ. ತನ್ನ ಕಡೆಯ ಗುಟ್ಟನ್ನು ಹೊರಗೆ ಕೊಡುವವನು ಬರೀ ಏಜೆಂಟ್. ಬ್ರಿಟನ್ ನೌಕಾಪಡೆಯ ಕಚೇರಿಯ ಗುಮಾಸ್ತ ಜಾನ್ ವ್ಯಾಸಲ್‌ಗೆ 1962ರಲ್ಲಿ 18 ವರ್ಷ ಶಿಕ್ಷೆಯಾಯಿತಲ್ಲ, ಅವನೂ ಅಷ್ಟೇ, ಸೋವಿಯತ್ ಏಜೆಂಟ್. ಅಂಥವನನ್ನು ಹಿಡಿದು, ಹೆದರಿಸಿ, ಇನ್ನು ಮುಂದೆ ನಾವು ಕೊಟ್ಟ ಸುಳ್ಳು ಕಾಗದ ಕಳಿಸು ಅಂದರೆ, ಅವನು ಒಪ್ಪಿದರೆ, ಆಚೆಯವರು ನಂಬಿದರೆ, ಆಗ ಡಬಲ್.

ಕಿಮ್ ಫಿಲ್ಬಿಯದು ಮಾತ್ರ ನಿಜಕ್ಕೂ ಗಡಿಯ ಮೇಲಿನ ಪ್ರಶ್ನೆ. ಬ್ರಿಟಿಷ್ ಬೇಹು ಸಂಸ್ಥೆಯೊಳಗೇ ಅಧಿಕಾರಿಯಾಗಿದ್ದು ಮಾಸ್ಕೋಗೆ ದುಡಿದ, 1963ರ ಜನವರಿಯಲ್ಲಿ ಬೈರೂತ್‌ನಿಂದ ಮಾಯವಾದ. ಕಸುಬಿನವರು ಇಂಥವನಿಗೆ 'ಮೋಲ್' ಅನ್ನುತ್ತಾರೆ, ಪತ್ರಿಕೆಗಳು ಡಬಲ್ ಏಜೆಂಟ್ ಅನ್ನುತ್ತವೆ. ಇಲ್ಲಿ ನಾನು ಜಾಸ್ತಿ ಹಟ ಮಾಡುವುದಿಲ್ಲ. ಎರಡು ಸಂಸ್ಥೆಗಳಿದ್ದವು, ಎರಡೂ ನಮ್ಮವನು ಅಂದುಕೊಂಡಿದ್ದವು, ಒಂದು ಮೋಸ ಹೋಯಿತು.

ಈಗ ಆ ಕಂತಿನ ಹೆಸರಿನ 'ಈಗಲೇ ಬೇಡ'ಕ್ಕೆ ಬರುತ್ತೇನೆ. ಅನುಮಾನ ಇದ್ದರೆ ಹಿಡಿಯಬಾರದೇಕೆ, ಗೆಳೆತನ ಯಾಕೆ? ಯಾಕೆಂದರೆ ಗುಟ್ಟು ಕೊಡುವವನನ್ನು ಹಿಡಿದರೆ ತಗೊಳ್ಳುವವನು ತಪ್ಪಿಸಿಕೊಳ್ಳುತ್ತಾನೆ. ಇದನ್ನು ಬ್ರಿಟನ್ನಿನ ಜನ ಪತ್ರಿಕೆಗಳಲ್ಲಿ ಆಗಷ್ಟೇ ಓದಿದ್ದರು. ಪೋರ್ಟ್‌ಲ್ಯಾಂಡ್‌ನ ನೌಕಾ ಸಂಶೋಧನಾ ಕೇಂದ್ರದಿಂದ ಹ್ಯಾರಿ ಹೌಟನ್ ಮತ್ತು ಎಥೆಲ್ ಜೀ ಕಾಗದ ಸಾಗಿಸುತ್ತಿದ್ದರು. ತಿಂಗಳುಗಟ್ಟಲೆ ಸುಮ್ನೆ ಹಿಂಬಾಲಿಸಿದ್ದರಿಂದಲೇ ಗಾರ್ಡನ್ ಲಾನ್ಸ್‌ಡೇಲ್ ಎಂಬ ಹೆಸರಲ್ಲಿದ್ದ ಸೋವಿಯತ್ ಬೇಹುಗಾರ ಸಿಕ್ಕ. ಅವನ ಜಾಡು ಹಿಡಿದು ಲಂಡನ್ ಹೊರವಲಯದ ರೈಸ್ಲಿಪ್‌ನಲ್ಲಿ ಹಳೆಯ ಪುಸ್ತಕ ಮಾರುವ ಕ್ರೋಗರ್ ದಂಪತಿಯ ಮನೆಯೂ ಸಿಕ್ಕಿತು. 1961ರ ಜನವರಿ 7ರಂದು ಐದೂ ಜನರನ್ನು ಹಿಡಿದರು. ಕ್ರೋಗರ್ ಮನೆಯ ಅಡುಗೆಮನೆ ನೆಲದಡಿ ರೇಡಿಯೋ ಇತ್ತು.

ಆ ಮನೆಯ ಮೇಲೆ ಕಣ್ಣಿಡಲು ಬೇಹಿನವರು ಕೂತದ್ದು ಎದುರಿನ ಮನೆಯ ಮಹಡಿ ಕೋಣೆಯಲ್ಲಿ. ಆ ಮನೆಯಾಕೆಗೆ ಕ್ರೋಗರ್ ಹೆಂಡತಿ ವರ್ಷಗಳ ಗೆಳತಿ. ಸುಮಾರು ಎರಡು ತಿಂಗಳು ಮೇಲೆ ಕಾವಲು ಕೂತವರು, ಕೆಳಗೆ ಎಂದಿನಂತೆ ಬಂದು ಹೋಗುವ ಗೆಳತಿ. ಆಕೆ ಏನೂ ಗೊತ್ತಿಲ್ಲದವಳ ಹಾಗೆ ನಗುನಗುತ್ತಾ ಮಾತಾಡಿಸಬೇಕಿತ್ತು. ಇದನ್ನು ಹೇಳಿದಾಗ ಅಕ್ಕನ ಮಗ ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟ.

"ಅವರಿಗೆ ಎರಡು ಸಂಬಳ ಇಲ್ಲ. ವೇಷವೂ ಹಾಕಿಲ್ಲ, ಹೆಸರೂ ತಮ್ಮದೇ. ಹಾಗಾದ್ರೆ ಅವರನ್ನ ಏನಂತ ಕರೀಬೇಕು ಮಾಮ?"

"ಎದುರುಮನೆಯವರು" ಅಂದೆ. ಬೇರೆ ಪದ ನನಗೂ ಹೊಳೆಯಲಿಲ್ಲ.