ಸುಗ್ಗಿ ಬಂದಾಗಲೇ ದರ ಬೀಳುವುದೇಕೆ?

ನವೆಂಬರ್ ಕೊನೆಯಿಂದ ಕಾರಟಗಿ, ಗಂಗಾವತಿ, ಸಿಂಧನೂರಿನ ರಸ್ತೆಗಳಲ್ಲಿ ಭತ್ತದ್ದೇ ಓಡಾಟ. ಕಟಾವಿನ ಯಂತ್ರ ಗದ್ದೆಯಿಂದ ಮೇಲೆ ಬರುವಷ್ಟರಲ್ಲಿ ಟ್ರ್ಯಾಕ್ಟರ್ ತುಂಬಿರುತ್ತದೆ, ರಸ್ತೆಯಂಚಿಗೆ ತಾಡಪಾಲಿನ ಮೇಲೆ ಕಾಳು ಒಣಗುತ್ತಿರುತ್ತದೆ. ತುಂಗಭದ್ರೆ ತುಂಬಿ ಹರಿದ ವರ್ಷ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಈ ಸಿರಿ ನೋಡಬೇಕು. ಆದರೆ ಆ ದಿನಗಳಲ್ಲಿ ರೈತರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಮಾತು: 75 ಕೆ.ಜಿ. ಚೀಲಕ್ಕೆ ಇವತ್ತು ಎಷ್ಟು? ನಿನ್ನೆಗಿಂತ ಕಡಿಮೆ ಎಂಬ ಉತ್ತರಕ್ಕೆ ಅವರ ಕಿವಿ ಒಗ್ಗಿಹೋಗಿದೆ.

ಇದಕ್ಕೆ ದಲಾಲರನ್ನಷ್ಟೇ ದೂರಿದರೆ ಅರ್ಧ ಕಾರಣ ಕೈತಪ್ಪುತ್ತದೆ. ಅನ್ನದ ಬೇಡಿಕೆಗೆ ಹೊಟ್ಟೆಯೇ ಮಿತಿ. ಬಟ್ಟೆ ಅಗ್ಗವಾದರೆ ಇನ್ನೊಂದು ಜೊತೆ ಕೊಳ್ಳುತ್ತೇವೆ. ಅಕ್ಕಿ ಅಗ್ಗವಾಯಿತೆಂದು ದಿನಕ್ಕೆ ಐದು ಹೊತ್ತು ಯಾರೂ ಉಣ್ಣುವುದಿಲ್ಲ. ಹಾಗಾಗಿ ಪೇಟೆಗೆ ನೂರಕ್ಕೆ ಹತ್ತು ಪಾಲು ಹೆಚ್ಚು ಕಾಳು ಬಂದರೆ, ಅದೆಲ್ಲ ಖರ್ಚಾಗಲು ದರ ಹತ್ತಕ್ಕಿಂತ ಹೆಚ್ಚು ಪಾಲು ಇಳಿಯಬೇಕಾಗುತ್ತದೆ. ಊರೆಲ್ಲ ಸೇರಿ ಹೆಚ್ಚು ಬೆಳೆದು, ಊರೆಲ್ಲ ಸೇರಿ ಕಡಿಮೆ ಹಣ ಎಣಿಸುವುದು ಹೀಗೆ. 17ನೇ ಶತಮಾನದ ಇಂಗ್ಲೆಂಡಿನ ಗ್ರೆಗೊರಿ ಕಿಂಗ್ ಹೆಸರಿನಲ್ಲಿ ಉಳಿದುಬಂದಿರುವ ಗೋಧಿಯ ಲೆಕ್ಕವೂ ಇದನ್ನೇ ಇನ್ನೊಂದು ಕಡೆಯಿಂದ ಹೇಳುತ್ತದೆ. ಫಸಲು ತುಸು ಕುಗ್ಗಿದರೂ ದರ ಅದಕ್ಕಿಂತ ಎಷ್ಟೋ ಹೆಚ್ಚು ಏರುತ್ತದೆ.

ಕಾಳನ್ನು ನಾಲ್ಕು ತಿಂಗಳು ಇಟ್ಟುಕೊಂಡು ಮಾರಬಹುದಲ್ಲ? ಇಟ್ಟುಕೊಳ್ಳುವ ತಾಕತ್ತು ಯಾರಿಗಿದೆ ಎಂಬುದೇ ಇಲ್ಲಿನ ಗಂಟು. ಈ ಭಾಗದ ಗದ್ದೆಗಳಲ್ಲಿ ಬಹಳಷ್ಟನ್ನು ಮಾಡುವವರು ಲಾವಣಿ ರೈತರು, ಅಂದರೆ ಬೇರೆಯವರ ಭೂಮಿಯನ್ನು ಗೇಣಿಗೆ ಹಿಡಿದು ಉಳುವವರು. ಪಹಣಿ ಅವರ ಹೆಸರಿನಲ್ಲಿಲ್ಲ, ಆದ್ದರಿಂದ ಬ್ಯಾಂಕಿನ ಬೆಳೆಸಾಲ ಸಿಗುವುದು ಕಷ್ಟ. ಗೊಬ್ಬರ, ಔಷಧಿ, ಕೂಲಿಗೆ ಅಡತಿ (ದಲಾಲಿ) ಅಂಗಡಿಯ ಸಾಲವೇ ಗತಿ. ಸಾಲ ಕೊಟ್ಟ ಅಂಗಡಿಗೇ ಸುಗ್ಗಿಯಲ್ಲಿ ಚೀಲ ಇಳಿಯುತ್ತದೆ. 2025–26ಕ್ಕೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2369 ರೂಪಾಯಿ, ಅಂದರೆ ಚೀಲಕ್ಕೆ ಸುಮಾರು 1777. ಖರೀದಿ ಕೇಂದ್ರ ಬಾಗಿಲು ತೆರೆಯುವ ಹೊತ್ತಿಗೆ ಕಾಳು ಕೈದಾಟಿದ್ದರೆ ಆ ಬೆಲೆ ಇವರಿಗೆ ಮುಟ್ಟುವುದಿಲ್ಲ. ಗೋದಾಮಿನಲ್ಲಿಟ್ಟ ಕಾಳಿನ ರಸೀದಿಯನ್ನೇ ಅಡವಿಟ್ಟು ಸಾಲ ಪಡೆಯಲು 2007ರ ಕಾಯ್ದೆ ದಾರಿ ಮಾಡಿತು, ಒಳ್ಳೆಯ ದಾರಿಯೇ. ಆದರೆ ಬಿತ್ತುವ ಮೊದಲೇ ಅಡತಿಗೆ ಬದ್ಧವಾದ ಕಾಳು ಗೋದಾಮಿಗೆ ಹೋಗುವುದಾದರೂ ಹೇಗೆ?

ಇದರ ಬೇರು ಇನ್ನೂ ಆಳದಲ್ಲಿದೆ. 1974ರ ಭೂಸುಧಾರಣೆ ತಿದ್ದುಪಡಿ ರಾಜ್ಯದಲ್ಲಿ ಗೇಣಿಯನ್ನು ನಿಷೇಧಿಸಿತು. ಉಳುವವರಿಗೆ ಭೂಮಿ ಕೊಟ್ಟ ಕಾನೂನು ಅದು, ಅದರ ಉಪಕಾರ ದೊಡ್ಡದು. ಆದರೆ ಲಾವಣಿ ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಹಕ್ಕು ಹೋದೀತೆಂಬ ಭಯಕ್ಕೆ ಭೂಮಾಲೀಕರು ಕಾಗದ ಬರೆದುಕೊಡುವುದಿಲ್ಲ. ನನ್ನ ಮಟ್ಟಿಗೆ, ಇನ್ನೊಂದು ಗೋದಾಮಿಗಿಂತ ಮೊದಲು ಬೇಕಾದದ್ದು ಲಾವಣಿ ರೈತರ ಕೈಗೆ ಸಾಲಕ್ಕೂ ವಿಮೆಗೂ ನಡೆಯುವ ಒಂದು ಕಾಗದ, ಮಾಲೀಕರ ಹಕ್ಕಿಗೆ ಧಕ್ಕೆ ತಾರದಂಥದ್ದು.

ಮೆಣಸಿನಕಾಯಿಯ ಪಾಡು ಇದಕ್ಕಿಂತ ತೀವ್ರ. ಸಿರುಗುಪ್ಪ, ಕುರುಗೋಡು ಕಡೆ ಈ ವರ್ಷ ಎಷ್ಟು ಎಕರೆ ಹಚ್ಚಬೇಕೆಂದು ತೀರ್ಮಾನಿಸುವುದು ಹೋದ ವರ್ಷದ ದರ. ದರ ಏರಿತ್ತೆಂದು ಎಲ್ಲರೂ ಹಚ್ಚಿದರೆ ಮುಂದಿನ ಸಲ ಪೇಟೆ ಕುಸಿಯುತ್ತದೆ, ಕುಸಿಯಿತೆಂದು ಎಲ್ಲರೂ ಬಿಟ್ಟರೆ ಮತ್ತೆ ಏರುತ್ತದೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡೋರ್ 1934ರಲ್ಲಿ ಜೇಡರಬಲೆ ಎಂದು ಹೆಸರಿಟ್ಟದ್ದು ಈ ಸುತ್ತಿಗೇ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಬಿದ್ದಾಗ ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಹಚ್ಚುವವರೆಗೂ ಹೋಯಿತು.

ಇಡೀ ದೇಶದ ಲೆಕ್ಕಕ್ಕೆ ಬಂದರೂ ಅದೇ ಹೊಟ್ಟೆಯ ಮಿತಿ. ಆದಾಯ ಏರಿದಂತೆ ಕುಟುಂಬದ ಖರ್ಚಿನಲ್ಲಿ ಆಹಾರದ ಪಾಲು ಇಳಿಯುತ್ತದೆಂದು ಜರ್ಮನಿಯ ಎರ್ನ್ಸ್ಟ್ ಎಂಗೆಲ್ 1857ರಲ್ಲೇ ತೋರಿಸಿದ್ದರು. ದೇಶ ಬೆಳೆದಷ್ಟೂ ಅದರ ಆದಾಯದಲ್ಲಿ ಕೃಷಿಯ ಪಾಲು ಕುಗ್ಗುವುದು ಸಹಜ, ಅದೇನೂ ರೋಗವಲ್ಲ. ಪಾಲು ಕುಗ್ಗಿದರೂ ಜನ ಅಲ್ಲೇ ಉಳಿಯುವುದು ರೋಗ. 2023–24ರಲ್ಲಿ ಭಾರತದಲ್ಲಿ ದುಡಿಯುವವರಲ್ಲಿ ಸುಮಾರು 46% ಮಂದಿ ಕೃಷಿಯಲ್ಲಿದ್ದರು. ದೇಶದ ಉತ್ಪನ್ನದ ಮೌಲ್ಯದಲ್ಲಿ ಕೃಷಿಯ ಪಾಲು ಸುಮಾರು 18%. ಭಾಗಿಸಿ ನೋಡಿದರೆ, ಹೊಲದಲ್ಲಿ ದುಡಿಯುವ ಒಬ್ಬರ ಹೆಸರಿಗೆ ಬರುವ ಮೌಲ್ಯ ಹೊರಗೆ ದುಡಿಯುವವರದ್ದರ ಕಾಲುಭಾಗದಷ್ಟು. ಅವರೇನೂ ಕಡಿಮೆ ದುಡಿಯುತ್ತಿಲ್ಲ.

ಹೊಲದಲ್ಲಿ ಹೆಚ್ಚಾದ ಕೈಗಳು ಕಾರ್ಖಾನೆಗೆ ಸಾಗುತ್ತಾ ದೇಶ ಬೆಳೆಯುತ್ತದೆಂದು ಅರ್ಥಶಾಸ್ತ್ರಜ್ಞ ಆರ್ಥರ್ ಲೂಯಿಸ್ 1954ರಲ್ಲಿ ವಿವರಿಸಿದ್ದರು. ನಮ್ಮಲ್ಲಿ ಆ ದಾರಿ ಈಚೆಗೆ ಹಿಂದಕ್ಕೆ ತಿರುಗಿತು. 2018–19ರಲ್ಲಿ 42.5% ಇದ್ದ ಕೃಷಿ ಉದ್ಯೋಗದ ಪಾಲು ಕೋವಿಡ್ ಕಾಲದಲ್ಲಿ ಏರಿತು, 2023–24ರಲ್ಲೂ 46.1% ಇತ್ತು. ಬೆಂಗಳೂರಿಗೆ ಗುಳೆ ಹೋಗಿದ್ದವರು ಗಂಟುಮೂಟೆ ಕಟ್ಟಿ ಮರಳಿದ್ದನ್ನು ರಾಯಚೂರು, ಕೊಪ್ಪಳದ ಹಳ್ಳಿಗಳು ಮರೆತಿಲ್ಲ. ಗುಳೆ ಹೋಗುವವರು ಹೊಲ ಬಿಡುತ್ತಾರೆ ನಿಜ, ಆದರೆ ಅವರಿಗೆ ಸಿಗುವುದು ಕಟ್ಟಡ ಮುಗಿದ ದಿನ ಮುಗಿಯುವ ಕೆಲಸ.

ಹಾಗಾದರೆ ಕೆಲಸ ಇಲ್ಲೇ ಹುಟ್ಟಬೇಕು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಬೃಹತ್ತಾದದ್ದು, ಆದರೆ ಉಕ್ಕಿನ ಉದ್ಯಮದಲ್ಲಿ ಹೂಡಿದ ಹಣಕ್ಕೆ ಹೋಲಿಸಿದರೆ ಕೆಲಸ ಕಡಿಮೆ ಹುಟ್ಟುತ್ತದೆ. ಅಷ್ಟೇ ಹಣ ಬಳ್ಳಾರಿಯ ಜೀನ್ಸ್ ಹೊಲಿಗೆಯಂಥ ಉದ್ಯಮಕ್ಕೆ ಬಿದ್ದರೆ ಎಷ್ಟೋ ಪಟ್ಟು ಹೆಚ್ಚು ಕೈಗಳಿಗೆ ಕೆಲಸ. ನನಗೆ ಬಹಳ ಕಾಡುವುದು ಜೀನ್ಸಿನ ಬಟ್ಟೆಯ ದಾರಿ. ರಾಯಚೂರಿನ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಬೀಜ ಬಿಡಿಸಿಕೊಂಡು ಅಂಡಿಗೆಯಾಗಿ ಹೊರರಾಜ್ಯಗಳ ನೂಲಿನ ಗಿರಣಿಗಳಿಗೆ ಹೋಗುತ್ತದೆ. ಬಳ್ಳಾರಿಯ ಹೊಲಿಗೆಯವರಿಗೆ ಡೆನಿಮ್ ಹೆಚ್ಚಾಗಿ ಬರುವುದು ಅಹಮದಾಬಾದ್ ಕಡೆಯಿಂದ. ನೂಲುವ, ನೇಯುವ, ಬಣ್ಣ ಹಾಕುವ ಕೂಲಿಯೆಲ್ಲ ಬೇರೆ ಊರುಗಳ ಪಾಲು. ಗಿರಣಿಗೆ ಬೇಕಾದ ವಿದ್ಯುತ್ತಿಗೆ ಇಲ್ಲೇನೂ ಬರವಿಲ್ಲ: ರಾಯಚೂರಿನ ಶಕ್ತಿನಗರದ ಸ್ಥಾವರದ ಸಾಮರ್ಥ್ಯ 1720 ಮೆಗಾವಾಟ್, ಬಳ್ಳಾರಿಯ ಕುಡತಿನಿಯದ್ದು 1700. ಬಣ್ಣದ ನೀರನ್ನು ಶುದ್ಧ ಮಾಡುವ ಘಟಕಕ್ಕೆ ಸರ್ಕಾರ ಹಣ ಹಾಕಿ, ರಾಯಚೂರು–ಬಳ್ಳಾರಿ ನಡುವೆ ನಾಲ್ಕಾರು ನೂಲಿನ ಗಿರಣಿ, ಮಗ್ಗದ ಶೆಡ್ಡುಗಳು ಎದ್ದರೆ, ಕಾಲುವೆಯ ಕೆಳಭಾಗದಲ್ಲಿ ನೀರು ಮುಟ್ಟದ ಮಾನ್ವಿ, ಸಿರವಾರದ ಹೆಣ್ಣುಮಕ್ಕಳಿಗೆ ಸಂಜೆ ಮನೆಗೆ ಮರಳುವಷ್ಟು ದೂರದಲ್ಲಿ ವರ್ಷವಿಡೀ ಕೆಲಸ ಸಿಕ್ಕೀತು.