ಪಾರ್ಕ್ ಹೋಯಿತು, ಹಾಲ್ ಬೆಳೆಯಿತು

ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಒಂದು ಹೋಟೆಲಿದೆ. ಅದರೊಳಗೆ ಒಂದು ಹೊಳೆ, ಹೊಳೆಯಲ್ಲಿ ದೋಣಿ. ತಲೆ ಎತ್ತಿದರೆ ಗಾಜಿನ ಸೂರು. ಗಿಡ, ಜಲಪಾತಗಳ ನಡುವಿನ ದಾರಿಯಲ್ಲಿ ಕುತ್ತಿಗೆಗೆ ಬ್ಯಾಡ್ಜ್ ಹಾಕಿಕೊಂಡವರು ಮೀಟಿಂಗಿಗೆ ಓಡುತ್ತಿರುತ್ತಾರೆ. ಇದು ಗೇಲಾರ್ಡ್ ಆಪ್ರಿಲ್ಯಾಂಡ್ ರೆಸಾರ್ಟ್. ರೂಮುಗಳೇ 2,888. ಸಮ್ಮೇಳನದ ಜಾಗ 7 ಲಕ್ಷ ಚದರಡಿ ದಾಟಿದೆ. ಅಂದರೆ ಬರೀ ಕುರ್ಚಿ, ಸ್ಟಾಲು, ವೇದಿಕೆಗೇ 16 ಎಕರೆಗಿಂತ ಜಾಸ್ತಿ!

ಇಷ್ಟಕ್ಕೆಲ್ಲ ಮೂಲ ಒಂದು ರೇಡಿಯೊ ಕಾರ್ಯಕ್ರಮ. 1925ರಲ್ಲಿ ಇಲ್ಲಿನ ವಿಮಾ ಕಂಪನಿಯೊಂದರ ರೇಡಿಯೊ ಸ್ಟೇಷನ್ನಿನಲ್ಲಿ ಶುರುವಾದ ಹಾಡಿನ ಕಾರ್ಯಕ್ರಮ ಮುಂದೆ 'ಗ್ರ್ಯಾಂಡ್ ಓಲ್ ಆಪ್ರಿ' ಎಂದು ಹೆಸರಾಯಿತು. 1943ರಿಂದ ಅದು ನಡೆಯುತ್ತಿದ್ದದ್ದು ಊರ ನಡುವಿನ ಹಳೆಯ ರೈಮನ್ ಸಭಾಂಗಣದಲ್ಲಿ. ಜನ ಹೆಚ್ಚಾದರು, ಜಾಗ ಸಾಲದಾಯಿತು. ಕಂಪನಿ ಊರಾಚೆ ಕಂಬರ್ಲೆಂಡ್ ನದಿಯ ತಿರುವಿನಲ್ಲಿ ಜಾಗ ಹಿಡಿಯಿತು. 1972ರಲ್ಲಿ ಅಲ್ಲಿ ಥೀಮ್ ಪಾರ್ಕ್ ಬಂತು, 1974ರಲ್ಲಿ ಹೊಸ ರಂಗಮಂದಿರ. ಉದ್ಘಾಟನೆಗೆ ಬಂದ ಅಧ್ಯಕ್ಷ ನಿಕ್ಸನ್ ಪಿಯಾನೊ ನುಡಿಸಿದರು, ಯೋ-ಯೋ ಆಡಿಸಲು ಹೋಗಿ ಪೇಚಾಡಿದರು. ರೈಮನ್ ವೇದಿಕೆಯಿಂದ ದುಂಡಗೆ ಕತ್ತರಿಸಿ ತಂದ ಹಲಗೆಯನ್ನು ಹೊಸ ವೇದಿಕೆಯ ನಡುವೆ ಕೂರಿಸಿದ್ದರು. ಆ ಹಲಗೆಯ ವಿಷಯಕ್ಕೆ ಆಮೇಲೆ ಬರೋಣ.

1977ರಲ್ಲಿ ಪಕ್ಕದಲ್ಲೇ 580 ರೂಮಿನ ಹೋಟೆಲ್ ತೆರೆಯಿತು. ಬೇಸಿಗೆ ರಜೆಯಲ್ಲಿ ಮಕ್ಕಳೊಂದಿಗೆ ಬರುವವರು ರೂಮು ತುಂಬುತ್ತಾರೆ, ಸರಿ. ಜನವರಿಯ ಮಂಗಳವಾರ ಯಾರು ಬರುತ್ತಾರೆ? ಸಮ್ಮೇಳನದವರು! ಅವರು ವರ್ಷಗಟ್ಟಲೆ ಮೊದಲೇ ತಾರೀಖು ಗೊತ್ತು ಮಾಡುತ್ತಾರೆ. ಒಮ್ಮೆಗೇ ನೂರಾರು ರೂಮು ಹಿಡಿಯುತ್ತಾರೆ. ಊಟ, ತಿಂಡಿ, ರಾತ್ರಿಯ ಔತಣ ಎಲ್ಲ ಅಲ್ಲೇ. ಈ ವ್ಯಾಪಾರದಲ್ಲಿ ಹಾಲ್ ಬಾಡಿಗೆ ದೊಡ್ಡ ಮಾತಲ್ಲ. ಸಾಕಷ್ಟು ರೂಮು ಹಿಡಿದರೆ ಹಾಲನ್ನು ಅಗ್ಗಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗಿಯೇ ಕೊಡುವುದು ರೆಸಾರ್ಟುಗಳ ರೂಢಿ. ದುಡ್ಡು ಬರುವುದು ಹಾಸಿಗೆಯಿಂದ, ತಟ್ಟೆಯಿಂದ.

ಹಾಗಾಗಿ ಹಾಲೂ ರೂಮೂ ಒಂದನ್ನೊಂದು ಎಳೆದುಕೊಂಡು ಬೆಳೆದವು. ಹಾಲ್ ದೊಡ್ಡದಾದರೆ ರೂಮು ಸಾಲದು, ರೂಮು ಜಾಸ್ತಿಯಾದರೆ ಹಾಲ್ ಚಿಕ್ಕದಾಯಿತು ಅನ್ನಿಸುತ್ತದೆ. 1983ರಲ್ಲಿ ಗಾಜಿನ ಸೂರಿನ ಮೊದಲ ತೋಟ, 1988ರಲ್ಲಿ ಜಲಪಾತಗಳದ್ದು, 1996ರಲ್ಲಿ ನಾಲ್ಕೂವರೆ ಎಕರೆಯ 'ಡೆಲ್ಟಾ'. ಡೆಲ್ಟಾ ಜೊತೆಗೇ ಭಾರಿ ಎಕ್ಸಿಬಿಷನ್ ಹಾಲ್ ಕೂಡ ಬಂತು. ಗಾಜಿನ ತೋಟ ಸುಮ್ನೆ ಅಂದಕ್ಕಲ್ಲ ಅನ್ನೋದು ನನ್ನ ಅನಿಸಿಕೆ. ನಾಲ್ಕು ದಿನ ಹಾಲಿನಲ್ಲಿ ಕೂತವರಿಗೆ ಗಾಳಿ, ಹಸಿರು ಬೇಕು. ಅದನ್ನು ಒಳಗೇ ಕೊಟ್ಟರೆ ಅವರು ಹೊರಗೆ ಯಾಕೆ ಹೋಗುತ್ತಾರೆ, ಅಲ್ವಾ?

ಇತ್ತ ಥೀಮ್ ಪಾರ್ಕ್ 1997ರ ಕೊನೆಗೆ ಬಾಗಿಲು ಹಾಕಿತು. ಆ ಜಾಗದಲ್ಲಿ 2000ದಲ್ಲಿ ಶಾಪಿಂಗ್ ಮಾಲ್ ಎದ್ದಿತು. ಪಾರ್ಕಿನ ನೆರಳಿನಲ್ಲಿ ಹುಟ್ಟಿದ ಹೋಟೆಲು ಈಗ ತನ್ನ ಕಾಲ ಮೇಲೆ ನಿಂತಿತ್ತು. ಅದೇ ಮಾದರಿಯನ್ನು ಆಗಿನ ಮಾಲೀಕ ಗೇಲಾರ್ಡ್ ಕಂಪನಿ ಫ್ಲಾರಿಡಾ, ಟೆಕ್ಸಾಸ್, ಮೇರಿಲ್ಯಾಂಡ್‌ಗೂ ಒಯ್ದಿತು.

ಡೆಲ್ಟಾದ ಹೊಳೆಗೆ ಶುರುವಿನಲ್ಲಿ ಲೋಕದ ಸಾವಿರಕ್ಕೂ ಹೆಚ್ಚು ನದಿಗಳ ನೀರು ತಂದು ಸುರಿದಿದ್ದರು. 2010ರ ಮೇ ತಿಂಗಳಲ್ಲಿ ಕಂಬರ್ಲೆಂಡ್ ತಾನಾಗಿಯೇ ಒಳಗೆ ಬಂತು. ಎರಡೇ ದಿನದಲ್ಲಿ 13 ಇಂಚಿಗೂ ಮಿಕ್ಕಿ ಮಳೆ. ನೀರು ತಡೆಯುವ ಒಡ್ಡನ್ನೂ ನದಿ ಮೀರಿತು. ಸುಮಾರು 1,500 ಅತಿಥಿಗಳನ್ನು ಹತ್ತಿರದ ಹೈಸ್ಕೂಲಿಗೆ ಸಾಗಿಸಿದರು. ಪಕ್ಕದ ರಂಗಮಂದಿರದಲ್ಲಿ ಆ ದುಂಡು ಹಲಗೆಯೂ ಮುಳುಗಿತು. ಆಮೇಲೆ ಅದನ್ನು ಸರಿಪಡಿಸಿ ಮತ್ತೆ ಅಲ್ಲೇ ಕೂರಿಸಿದರು. ಹೋಟೆಲ್ ತೆರೆದದ್ದು ನವೆಂಬರಿನಲ್ಲಿ. ಅಲ್ಲಿಯವರೆಗೆ ಗೊತ್ತಾಗಿದ್ದ ಸಮ್ಮೇಳನಗಳೆಲ್ಲ ಬೇರೆ ಜಾಗ ಹುಡುಕಬೇಕಾಯಿತು.

2012ರಲ್ಲಿ ನಿರ್ವಹಣೆ ಹೋಟೆಲ್ ಕಂಪನಿ ಮ್ಯಾರಿಯಟ್ ಕೈಗೆ ಹೋಯಿತು. ಮರುವರ್ಷ ಊರ ನಡುವೆಯೇ ಸರ್ಕಾರಿ ಕನ್ವೆನ್ಷನ್ ಸೆಂಟರ್ ತೆರೆದು, ಸಮ್ಮೇಳನದವರಿಗೆ ಇನ್ನೊಂದು ಜಾಗ ಸಿಕ್ಕಿತು. 2018ರ ಡಿಸೆಂಬರಿನಲ್ಲಿ ರೆಸಾರ್ಟ್ ತನ್ನದೇ ವಾಟರ್ ಪಾರ್ಕ್ ಶುರುಮಾಡಿತು. ಅದರ ಒಳಾಂಗಣ ಭಾಗ ಸೂರಿನ ಕೆಳಗಿರುವುದರಿಂದ ಚಳಿಗಾಲಕ್ಕೂ ಮುಚ್ಚಬೇಕಿಲ್ಲ. ಸಮ್ಮೇಳನದವರು ಶುಕ್ರವಾರ ಬ್ಯಾಡ್ಜ್ ಕಳಚಿ ಹೊರಟರೆ, ಆ ರೂಮುಗಳಿಗೆ ಮಕ್ಕಳನ್ನು ಕರೆದುಕೊಂಡು ಬರುವವರು ಬೇಕಲ್ಲ.